ರಂಗದ ಮೇಲೆ ಹಾಡಿ ನಟಿಸುತ್ತಿದ್ದವರು ಸಂಗೀತ ನಾಟಕದ ನಿರ್ದೇಶಕರಾಗಬಹುದೇ?

ಎಂಟು ವರ್ಷ ನಾಟಕದ ಮೇಳದಲ್ಲಿ, ಅಂದರೆ ಹಾಡುವವರ ಗುಂಪಿನಲ್ಲಿ, ಹಾಡಿದ್ದೇನೆ, ಸಣ್ಣಪುಟ್ಟ ಪಾತ್ರ ಮಾಡಿದ್ದೇನೆ, ಸಂಗೀತದ ಪರೀಕ್ಷೆ ಯಾವುದೂ ಕಟ್ಟಿಲ್ಲ, ನಿರ್ದೇಶನಕ್ಕೆ ಇಷ್ಟು ಸಾಕೇ ಅಂತ ಕೇಳಿದ್ದೀರಿ. ಪರೀಕ್ಷೆಯ ಚಿಂತೆ ಬಿಡಿ. ನನಗೆ ಅಡ್ಡ ಬಂದದ್ದು ನನ್ನ ಗಂಟಲು.

ನಾನೂ ಹವ್ಯಾಸಿ ತಂಡವೊಂದರಲ್ಲಿ ವರ್ಷಗಟ್ಟಲೆ ಹಾಡಿಕೊಂಡಿದ್ದವನು. ಮೊದಲ ಸಲ ನಿರ್ದೇಶನಕ್ಕೆ ಇಳಿದಾಗ ಹಾಡುಗಳನ್ನೆಲ್ಲ ನಾನೇ ಹಾಡಿ ತೋರಿಸಿದೆ, ಅದೂ ನನಗೆ ಹಿತವಾದ ಕಪ್ಪು ಎರಡರ (ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ) ಶ್ರುತಿಯಲ್ಲೇ. ನಾಯಕಿಯ ಪಾತ್ರದ ಹುಡುಗಿಯ ಕೆಳಸ್ವರಗಳು ಎರಡನೇ ಸಾಲಿಗೂ ಕೇಳುತ್ತಿರಲಿಲ್ಲ. ಸಂಕೋಚಕ್ಕೆ ಅವಳು ಹೇಳಲಿಲ್ಲ, ಜಂಬಕ್ಕೆ ನಾನು ಗಮನಿಸಲಿಲ್ಲ. ಮೂರನೇ ವಾರದ ಹೊತ್ತಿಗೆ ನೋಡಿದರೆ ಎಲ್ಲರೂ ನನ್ನ ಹಾಗೇ ಸಾಲಿನ ಕೊನೆಯನ್ನು ಎಳೆದು ಹಾಡುತ್ತಿದ್ದಾರೆ. ರಾಜನೂ ನಾನೇ, ದಾಸಿಯೂ ನಾನೇ! ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರಿಗೆ ಸಾಕಾಗಿ, "ಮಾರಾಯಾ, ನೀನು ಟಿಕೆಟ್ ತಗೊಂಡು ಎದುರಿಗೆ ಕೂತ್ಕೋ" ಅಂದರು. ಮರುದಿನದಿಂದ ಕೊನೆಯ ಸಾಲಿನಲ್ಲಿ ಕೂತೆ. ಹಾಡಿನ ಪ್ರತಿ ಸಾಲನ್ನೂ ಮೊದಲು ಮಾತಿನ ಹಾಗೆ ಹೇಳಿಸಿ, ಆ ಪಾತ್ರದ ಉಸಿರು ಎಲ್ಲಿ ನಿಲ್ಲುತ್ತದೆ ಅಂತ ಕೇಳಿಸಿಕೊಂಡ ಮೇಲೇ ರಾಗ ಹಚ್ಚಿದ್ದು. ಶ್ರುತಿಯನ್ನು ಆ ಹುಡುಗಿಯೇ ಆರಿಸಿಕೊಂಡಳು.

ಈ ದಾರಿಯಲ್ಲಿ ಬಹಳ ಮುಂದೆ ಹೋದವರು ರಂಗನಿರ್ದೇಶಕ ಬಿ.ವಿ. ಕಾರಂತರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿ ಬಣ್ಣ ಹಚ್ಚಿದವರು. ವೀರಣ್ಣನವರೇ ಅವರನ್ನು ಓದಲು ಬನಾರಸಿಗೆ ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದುಸ್ತಾನಿ ಸಂಗೀತ ಕಲಿತು, ಆಮೇಲೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಅಂದರೆ ಅವರು ಶಾಸ್ತ್ರೀಯವಾಗಿ ಕಲಿತೇ ಇದ್ದರು. ಆದರೆ ರಂಗದ ಮೇಲೆ ಸಂಗೀತ ಕಚೇರಿ ಮಾಡಿಸಲಿಲ್ಲ. ಕಂಪನಿ ನಾಟಕದಲ್ಲಿ ಹಾಡು ಬಂತೆಂದರೆ ಕಥೆ ನಿಂತು ಕಾಯಬೇಕು, 'ಒನ್ಸ್ ಮೋರ್' ಬಿದ್ದರೆ ಇನ್ನೊಮ್ಮೆ ಕಾಯಬೇಕು (ನನಗೆ ಆ ಗಮ್ಮತ್ತೂ ಇಷ್ಟವೇ, ಅದು ಬೇರೆ ಮಾತು). ಕಾರಂತರ ನಾಟಕದಲ್ಲಿ ಹಾಡೇ ಕಥೆಯನ್ನು ತಳ್ಳುತ್ತದೆ. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲು ರಂಗದಲ್ಲಿ ಅವರು ಆಡಿಸಿದ 'ಜೋಕುಮಾರಸ್ವಾಮಿ'ಯ ಹಾಡುಗಳನ್ನು ಇವತ್ತಿಗೂ ತಂಡಗಳು ಹಾಡುತ್ತವೆ. ಶ್ರೀರಂಗರ 'ಸತ್ತವರ ನೆರಳು' ಮಠದ ಒಳಜಗಳದ ನಾಟಕ; ಅದಕ್ಕೆ ಪುರಂದರದಾಸರ ಪದಗಳನ್ನು ತಂದು ಸೇರಿಸಿದರು. ಭಜನೆಯಲ್ಲಿ ಕೇಳಿ ಪಳಗಿದ ಪದವೇ ಅಲ್ಲಿ ಕುಟುಕುತ್ತದೆ. ಯಾವ ಹಾಡು ಎಲ್ಲಿ ಬಿದ್ದರೆ ಏನಾಗುತ್ತದೆ ಅನ್ನುವ ಈ ಕಿವಿ ಮೇಳದಲ್ಲಿ ಕೂತವರಿಗೆ ಅರ್ಧ ಬಂದೇ ಇರುತ್ತದೆ. ನಿಮಗೂ ಬಂದಿರಬೇಕು.

ಹಣದ ಬಗ್ಗೆ ಕೇಳಿದ್ದೀರಿ: ಸದ್ಯಕ್ಕೆ ಇರುವ ಕೆಲಸ ಬಿಡಬೇಡಿ.

ಮೂರು ಗಂಟೆಯ ನಾಟಕಕ್ಕೆ ಈಗಲೇ ಕೈ ಹಾಕದೆ, ಎರಡೇ ಹಾಡಿರುವ ಅರ್ಧ ಗಂಟೆಯದೊಂದನ್ನು ಎತ್ತಿಕೊಳ್ಳಿ. ನಿಮ್ಮ ಪಾತ್ರ ಅದರಲ್ಲಿ ಬೇಡ. ಹಾರ್ಮೋನಿಯಂ ಕೂಡ ಬೇರೆಯವರ ಕೈಗೆ ಕೊಡಿ.