ಓದುಗರ ಪ್ರಶ್ನೆ: ಕೆಲಸ ಉಳಿಸಿಕೊಳ್ಳಲು ಯಾರನ್ನು ಏನು ಕೇಳಬೇಕು?

ಪ್ರಶ್ನೆ: ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಘಟಕವೊಂದರಲ್ಲಿ ಸುಮಾರು 120 ಜನ ದುಡಿಯುತ್ತಿದ್ದೇವೆ. ಆರ್ಥಿಕ ಹಿಂಜರಿತದಿಂದ ಆರ್ಡರ್ ಇಲ್ಲವೆಂದು ಎರಡು ಪಾಳಿಗಳನ್ನು ಒಂದಕ್ಕೆ ಇಳಿಸಿ, ಹಲವರಿಂದ ರಾಜೀನಾಮೆ ಕೇಳುತ್ತಿದ್ದಾರೆ. ಸುತ್ತಲಿನ ಘಟಕಗಳಲ್ಲೂ ಇದೇ ಪಾಡು. ಎಲ್ಲರೂ ಸೇರಿ ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೋದರೆ ಉಪಯೋಗವಾದೀತೆ?
– ಓದುಗರು, ಹುಬ್ಬಳ್ಳಿ

ಉತ್ತರ: ಮೆರವಣಿಗೆ ಹೋಗಿರಿ, ಆದರೆ ಅದಕ್ಕೂ ಮೊದಲು ರಾಜೀನಾಮೆ ಪತ್ರಗಳಿಗೆ ಸಹಿ ಬೀಳುವುದು ನಿಲ್ಲಬೇಕು. ‘ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ’ ಎಂದು ಮೊದಲೇ ಟೈಪ್ ಮಾಡಿಟ್ಟ ಹಾಳೆಗೆ ಸಹಿ ಹಾಕಿದವರು ತಾವಾಗಿಯೇ ಹೊರಟಂತೆ ದಾಖಲೆಯಾಗುತ್ತದೆ. ಒಂದು ವರ್ಷ ಪೂರೈಸಿದ ಕಾರ್ಮಿಕರನ್ನು ತೆಗೆಯುವಾಗ ಮಾಲೀಕರು ಕೊಡಬೇಕಾದ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಬದಲಿನ ವೇತನವೂ, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದ ಪರಿಹಾರವೂ ಅಲ್ಲಿಗೆ ಕೈತಪ್ಪಿದಂತೆಯೇ. ಒತ್ತಾಯ ನಡೆದಿದ್ದರೆ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿರಿ.

‘ಕೆಲಸದಿಂದ ತೆಗೆಯಲು ಸರ್ಕಾರ ಅನುಮತಿ ಕೊಡಬಾರದು’ ಎಂಬ ಬೇಡಿಕೆ ಮಾತ್ರ ನಿಮ್ಮ ಘಟಕಕ್ಕೆ ಅನ್ವಯಿಸಲಾರದು. 1976ರಲ್ಲಿ ಈ ಪೂರ್ವಾನುಮತಿಯ ನಿಯಮ ಬಂದಾಗ ಅದು 300 ಕಾರ್ಮಿಕರಿರುವ ಕಾರ್ಖಾನೆಗಳಿಗಿತ್ತು. 1982ರ ತಿದ್ದುಪಡಿ ಅದನ್ನು 100ಕ್ಕೆ ಇಳಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಮತ್ತೆ 300ಕ್ಕೆ ಒಯ್ದಿದೆ. ಮಂದಗತಿಯ ಕಾಲದಲ್ಲಿ ಮೊದಲು ಬಾಗಿಲು ಹಾಕುವ ಸಣ್ಣ ಘಟಕಗಳೇ ಹೀಗೆ ರಕ್ಷಣೆಯ ಹೊರಗುಳಿದಿರುವುದು ನನ್ನ ಮಟ್ಟಿಗೆ ಅನ್ಯಾಯ.

ಆದ್ದರಿಂದ ಸಿಗಬಹುದಾದುದನ್ನು, ಅದನ್ನು ಕೊಡಬಲ್ಲವರಿಂದಲೇ ಕೇಳಬೇಕು. ಮಾಲೀಕರನ್ನು ಕೇಳಬೇಕಾದದ್ದು, ಇರುವ ಕೆಲಸವನ್ನು ಎಲ್ಲರಿಗೂ ಸರದಿಯಂತೆ ಹಂಚಬೇಕು, ಅದೂ ಸಾಲದಿದ್ದರೆ ಶಾಶ್ವತವಾಗಿ ತೆಗೆಯುವ ಬದಲು ತಾತ್ಕಾಲಿಕ ಲೇ-ಆಫ್ ಕೊಡಬೇಕು ಎಂಬುದನ್ನು. 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ, ವರ್ಷ ಪೂರೈಸಿದವರಿಗೆ ಆಗ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಸಿಗಬೇಕು, ಹೆಸರೂ ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ. ಸರ್ಕಾರವನ್ನು ಕೇಳುವಾಗ ಮಾಲೀಕರನ್ನೂ ಜೊತೆಗೆ ಕರೆದುಕೊಳ್ಳಿರಿ. ಯಂತ್ರ ನಿಂತಿದ್ದರೂ ಹೆಸ್ಕಾಂ ವಿದ್ಯುತ್ ಬಿಲ್ಲಿನಲ್ಲಿ ಬರುವ ನಿಗದಿತ ಶುಲ್ಕದ ಹೊರೆ ಅವರಿಗೂ ಇದೆ. ಯಾರನ್ನೂ ತೆಗೆಯುವುದಿಲ್ಲವೆಂದು ಬರೆದುಕೊಡುವ ಘಟಕಗಳಿಗೆ ಅದರಲ್ಲಿ ರಿಯಾಯಿತಿ ಕೊಡಿ, ಸಾರಿಗೆ ಸಂಸ್ಥೆಗಳ ಬಸ್ ಖರೀದಿಯನ್ನು ಮುಂದಕ್ಕೆ ಹಾಕಬೇಡಿ ಎಂದು ಇಬ್ಬರೂ ಕೂಡಿ ಕೇಳಿದರೆ ಶಾಸಕರಿಗೂ ಸಂಸದರಿಗೂ ನುಣುಚಿಕೊಳ್ಳುವುದು ಕಷ್ಟ. 2003ರಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೆ, 2008ರಲ್ಲಿ ಹೈಕೋರ್ಟ್ ಪೀಠ ಧಾರವಾಡಕ್ಕೆ ಬಂದುದರ ಹಿಂದೆ ಹೋರಾಟಗಳಿದ್ದವು. ಎರಡರಲ್ಲೂ ಬೇಡಿಕೆ ಒಂದೇ ಸಾಲಿನಲ್ಲಿ ಹೇಳುವಷ್ಟು ಸ್ಪಷ್ಟವಾಗಿತ್ತು.

ಪ್ರಶ್ನೆ: ಗುತ್ತಿಗೆದಾರರ ಮೂಲಕ ದುಡಿಯುವ ನಮ್ಮನ್ನು ಇಂಥ ಹೋರಾಟಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವೇನು ಮಾಡಬೇಕು?
– ಓದುಗರು, ರಾಣೇಬೆನ್ನೂರು

ಉತ್ತರ: ಮೊದಲು ಹೊರಬೀಳುವವರು ನೀವೇ ಆದ್ದರಿಂದ ನಿಮ್ಮ ಹೆಸರಿಲ್ಲದ ಮನವಿಯನ್ನು ಅರೆಬರೆ ಮನವಿಯೆಂದೇ ನಾನು ಭಾವಿಸುತ್ತೇನೆ. ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಗೇಟ್ ಪಾಸ್, ಸಂಬಳ ಜಮೆಯಾದ ಬ್ಯಾಂಕ್ ವಿವರ, ಇವುಗಳ ನಕಲು ಈಗಲೇ ತೆಗೆದಿಡಿರಿ. ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದುದನ್ನು ತೋರಿಸಿದರೆ ಒಂದು ವರ್ಷದ ನಿರಂತರ ಸೇವೆ ಎಂದು ಪರಿಗಣಿಸಲಾಗುತ್ತದೆ. ಗೇಟ್ ಪಾಸನ್ನು ಮರಳಿ ಪಡೆದ ಮೇಲೆ ಆ ಲೆಕ್ಕ ಒಪ್ಪಿಸುವುದು ಬಹಳ ಕಷ್ಟ.