ಅತಿ ಹಾಳಾದ ಜಾಗದಿಂದಲೇ ಶುರು ಮಾಡಬೇಕೇ?

ಇರುವ ಹಣದಲ್ಲಿ ನದಿಯ ಅತಿ ಕೆಟ್ಟ ಭಾಗವನ್ನೇ ಮೊದಲು ಸರಿಪಡಿಸಬೇಕೇ ಅಂತ ಕೇಳಿದ್ದೀರಿ. ನಾನಾದರೆ ಹಾಗೆ ಮಾಡುವುದಿಲ್ಲ. ಮೇಲಿನಿಂದ ಕೊಳಚೆ, ಹೂಳು ಬರುತ್ತಲೇ ಇದ್ದರೆ ಕೆಳಗೆ ದಡ ಕಟ್ಟಿ ಗಿಡ ನೆಟ್ಟದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ (ಗಾದೆ ಇಲ್ಲಿ ಅಕ್ಷರಶಃ ಸರಿ!). ಇನ್ನೂ ಚೆನ್ನಾಗಿರುವ ಭಾಗಕ್ಕೆ ತಾಗಿದ, ಅರೆಬರೆ ಕೆಟ್ಟ ಜಾಗ ನೋಡಿ. ಮೀನು, ಹುಳುಗಳು ಪಕ್ಕದಿಂದ ತಾವಾಗಿಯೇ ಬಂದು ನೆಲೆಸಬಹುದು.

ನದಿಗೆ ಅಡ್ಡಗಟ್ಟೆಗಳಿದ್ದರೆ, ಪ್ರತಿಯೊಂದನ್ನು ತೆಗೆದಾಗ ಮೀನುಗಳಿಗೆ ತೆರೆದುಕೊಳ್ಳುವ ನದಿಯ ಕಿಲೋಮೀಟರುಗಳನ್ನು ಖರ್ಚಿನಿಂದ ಭಾಗಿಸಿ ಹೋಲಿಸಿ. ಆದರೆ ಒಂದೊಂದನ್ನೇ ಬಿಡಿಯಾಗಿ ಅಲ್ಲ. ಅಮೆರಿಕದ ಎಲ್ವಾ ನದಿಯಲ್ಲಿ ಎರಡು ಅಣೆಕಟ್ಟುಗಳಿದ್ದವು. ಮೇಲಿನದನ್ನಷ್ಟೇ ಒಡೆದಿದ್ದರೆ ಸಮುದ್ರದಿಂದ ಬರುವ ಸಾಲ್ಮನ್ ಮೀನು ಕೆಳಗಿನದರಲ್ಲೇ ನಿಲ್ಲುತ್ತಿತ್ತು. 2011ರಿಂದ 2014ರೊಳಗೆ ಎರಡನ್ನೂ ತೆಗೆದರು. ಖರ್ಚಿಗೆ ಜಮೀನಿನ ಬೆಲೆ, ಮುಂದಿನ ನಿರ್ವಹಣೆಯನ್ನೂ ಸೇರಿಸಿಕೊಳ್ಳಿ.