ಸ್ಲೋ ಕುಕ್ಕರ್‌ನಲ್ಲಿ ಕೋಳಿ ಹತ್ತಿಯಾಯಿತು, ಕ್ಯಾರೆಟ್ ಬೇಯಲಿಲ್ಲ ಎಂದವರಿಗೆ

ನೀವು ಬರೆದದ್ದನ್ನು ಎರಡು ಬಾರಿ ಓದಿದೆ. ಮನೆಯಲ್ಲಿ ಇಬ್ಬರೂ ದುಡಿಯುವವರು, ಮಕ್ಕಳು ಸಂಜೆ ಬಂದ ಕೂಡಲೇ ಹಸಿವು ಎನ್ನುತ್ತಾರೆ, ಅದಕ್ಕೆಂದೇ ಸ್ಲೋ ಕುಕ್ಕರ್, ಅಂದರೆ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಕರೆಂಟಿನ ಪಾತ್ರೆ, ತಂದಿರಿ. ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಸುರಿದು ಮುಚ್ಚಿ ಹೋದಿರಿ. ಸಂಜೆ ನೋಡಿದರೆ ಕೋಳಿಯ ಎದೆಭಾಗ ಹತ್ತಿಯಂತೆ, ಕ್ಯಾರೆಟ್ ಅರೆಬೆಂದಂತೆ, ಸುತ್ತ ತಿಳಿನೀರು. ಮೂರು ಸಲ ಹೀಗೇ ಆಯಿತು, ಇನ್ನು ಇದನ್ನು ಅಟ್ಟಕ್ಕೆ ಏರಿಸಲೇ ಎಂದು ಕೇಳಿದ್ದೀರಿ. ಏರಿಸಬೇಡಿ. ದಾರಿ ತಪ್ಪಿಸಿದ್ದು ‘ಹಾಕಿ ಮರೆತುಬಿಡಿ’ ಎಂಬ ಮಾತು. ನಾನೂ ಅದನ್ನು ನಂಬಿ ಮೊದಲ ತಿಂಗಳು ಮನೆಯವರಿಗೆಲ್ಲ ಸಪ್ಪೆ ನೀರು ಬಡಿಸಿದವನೇ.

ಈ ಪಾತ್ರೆ ಕೆಲಸವನ್ನು ಅಷ್ಟೇನೂ ಕಡಿಮೆ ಮಾಡುವುದಿಲ್ಲ, ಕೆಲಸದ ಹೊತ್ತನ್ನು ಬದಲಿಸುತ್ತದೆ. ಸಂಜೆ ದಣಿದು ಬಂದಾಗ ಮಾಡಬೇಕಾಗಿದ್ದ ಒಂದು ಗಂಟೆಯ ಕೆಲಸವನ್ನು ಹಿಂದಿನ ರಾತ್ರಿಯ ಇಪ್ಪತ್ತು ನಿಮಿಷ, ಬೆಳಗಿನ ಐದು ನಿಮಿಷ ಮತ್ತು ಊಟಕ್ಕೆ ಮುಂಚಿನ ಹತ್ತು ನಿಮಿಷಕ್ಕೆ ಹಂಚುತ್ತದೆ. ಮೊದಲ ಎರಡನ್ನು ಎಲ್ಲರೂ ಮಾಡುತ್ತಾರೆ. ಕೊನೆಯ ಹತ್ತು ನಿಮಿಷವನ್ನು ಬಿಟ್ಟುಬಿಡುತ್ತಾರೆ, ರುಚಿ ಇರುವುದು ಅಲ್ಲಿಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅದು ಹೇಗೆ ಬಿಸಿಯಾಗುತ್ತದೆ ಎಂದು ತಿಳಿದುಕೊಳ್ಳಿ. ದಪ್ಪ ಪಿಂಗಾಣಿ ಪಾತ್ರೆಯನ್ನು ಸುತ್ತುವರಿದ ಹೊರಕವಚದೊಳಗೆ ಕಾಯುವ ತಂತಿ ಇರುತ್ತದೆ, ಶಾಖ ಹೆಚ್ಚಾಗಿ ಪಕ್ಕಗಳಿಂದ ಬರುತ್ತದೆ. ಅದರಲ್ಲಿರುವ ಲೋ ಮತ್ತು ಹೈ ಎಂಬ ಎರಡು ಹಂತಗಳೆಂದರೆ ಒಲೆಯ ಸಣ್ಣ ಉರಿ, ದೊಡ್ಡ ಉರಿ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಬಹುತೇಕ ಮಾದರಿಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಹೆಚ್ಚೂಕಡಿಮೆ ಒಂದೇ ಬಿಸಿಯನ್ನು, ಕುದಿಯುವುದಕ್ಕೆ ತುಸು ಕೆಳಗಿನದನ್ನು. ಅಲ್ಲಿಗೆ ತಲುಪಲು ಹಿಡಿಯುವ ಹೊತ್ತು ಮಾತ್ರ ಬೇರೆ. ಹೈನಲ್ಲಿ ಒಂದು ಗಂಟೆ ಎಂದರೆ ಲೋನಲ್ಲಿ ಸುಮಾರು ಎರಡು ಗಂಟೆ ಎಂದು ಲೆಕ್ಕ ಹಿಡಿಯಬಹುದು. ಪಾತ್ರೆ ಅರ್ಧದಿಂದ ಮುಕ್ಕಾಲರವರೆಗೆ ತುಂಬಿರಬೇಕು. ತಳದಲ್ಲಿ ಸ್ವಲ್ಪವೇ ಇದ್ದರೆ ಅಂಚು ಸೀಯುತ್ತದೆ, ಕಂಠದವರೆಗೆ ತುಂಬಿದರೆ ನಡುಭಾಗ ಬಿಸಿಯಾಗಲು ತುಂಬ ಹೊತ್ತು ಬೇಕು. ನಡುವೆ ಮುಚ್ಚಳ ತೆಗೆದು ಇಣುಕಿದರೆ ಪ್ರತಿ ಸಲಕ್ಕೂ ಇಪ್ಪತ್ತರಿಂದ ಮೂವತ್ತು ನಿಮಿಷ ಹೆಚ್ಚು ಬೇಯಿಸಬೇಕಾಗುತ್ತದೆ. ಗಾಜಿನ ಮುಚ್ಚಳ ಇರುವುದು ಹೊರಗಿನಿಂದ ನೋಡಲಿ ಎಂದೇ.

ನಿಮ್ಮ ಕ್ಯಾರೆಟ್ ಏಕೆ ಬೇಯಲಿಲ್ಲ? ಒಲೆಯ ಮೇಲಿನ ಅನುಭವ ಇಲ್ಲಿ ತಲೆಕೆಳಗಾಗುತ್ತದೆ. ಗೆಡ್ಡೆ ತರಕಾರಿಗಳ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಸುಮಾರು 85 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಲಭವಾಗಿ ಸಡಿಲವಾಗುವುದಿಲ್ಲ. ಕೋಳಿ ಅದಕ್ಕಿಂತ ಬಹಳ ಮೊದಲೇ, 74 ಡಿಗ್ರಿಗೆ, ಬೆಂದಿರುತ್ತದೆ. ನಿಧಾನವಾಗಿ ಬಿಸಿ ಏರುವ ಪಾತ್ರೆಯಲ್ಲಿ ತರಕಾರಿ ಹಿಂದೆ ಬೀಳುವುದು ಸಹಜ. ಆದ್ದರಿಂದ ಕ್ಯಾರೆಟ್, ಆಲೂಗಡ್ಡೆಗಳನ್ನು ಎರಡು ಸೆಂಟಿಮೀಟರ್‌ಗಿಂತ ದೊಡ್ಡದಾಗಿ ಹೆಚ್ಚಬೇಡಿ. ಅವುಗಳನ್ನು ತಳಕ್ಕೂ ಗೋಡೆಗೂ ತಾಗುವಂತೆ ಹಾಕಿ, ಮಾಂಸವನ್ನು ಮೇಲಿಡಿ, ತರಕಾರಿ ನೀರಿನಲ್ಲಿ ಮುಳುಗಿರುವಂತೆ ನೋಡಿಕೊಳ್ಳಿ. ಇನ್ನೊಂದು ಮಾತು: ಟೊಮೆಟೊ, ನಿಂಬೆ, ವಿನೆಗರ್ ಇಂಥ ಹುಳಿ ಪದಾರ್ಥಗಳು ತರಕಾರಿ ಮತ್ತು ಕಾಳುಗಳು ಮೆತ್ತಗಾಗುವುದನ್ನು ತಡೆಯುತ್ತವೆ. ನೀವು ಬೆಳಿಗ್ಗೆಯೇ ನಾಲ್ಕು ಟೊಮೆಟೊ ಹಾಕಿದ್ದೆ ಎಂದಿದ್ದೀರಲ್ಲ, ಅದೂ ಒಂದು ಕಾರಣ.

ಕೋಳಿಯ ಎದೆಭಾಗವನ್ನು ಎಂಟು ಗಂಟೆ ಬೇಯಿಸಿದರೆ ಯಾರ ಕೈಯಲ್ಲೂ ಅದು ಹತ್ತಿಯೇ. ಅದರಲ್ಲಿ ಕೊಬ್ಬೂ ಇಲ್ಲ, ಕರಗಿ ರಸವಾಗುವ ಅಂಗಾಂಶವೂ ಇಲ್ಲ. ಈ ಪಾತ್ರೆಗೆ ಒಲಿಯುವುದು ಭುಜ, ಮೊಣಕಾಲಿನ ಕೆಳಭಾಗ, ಕತ್ತು ಹೀಗೆ ಪ್ರಾಣಿ ಹೆಚ್ಚು ಬಳಸಿದ, ಗಡಸಾದ ಭಾಗಗಳು. ಅವುಗಳಲ್ಲಿರುವ ಕೊಲಾಜೆನ್ ಎಂಬ ನಾರು ತೇವದ ಶಾಖದಲ್ಲಿ ಗಂಟೆಗಟ್ಟಲೆ ಇದ್ದಾಗ ಜೆಲಾಟಿನ್ ಆಗಿ ಕರಗುತ್ತದೆ. ಮಾಂಸ ಬೆರಳಲ್ಲಿ ಬಿಡಿಸುವಂತಾಗುವುದು, ರಸ ತುಟಿಗೆ ಅಂಟುವಂತಾಗುವುದು ಅದರಿಂದಲೇ. ಕೋಳಿಯೇ ಬೇಕೆಂದರೆ ಮೂಳೆಸಹಿತ ತೊಡೆ ತನ್ನಿ, ಲೋನಲ್ಲಿ ಐದಾರು ಗಂಟೆ ಸಾಕು. ನೀವು ಹತ್ತು ಗಂಟೆ ಹೊರಗಿರುವವರಾದ್ದರಿಂದ ಕೋಳಿಯನ್ನು ರಜಾದಿನಕ್ಕೆ ಇಟ್ಟುಕೊಂಡು ವಾರದ ದಿನಗಳನ್ನು ಗಡಸು ಮಾಂಸಕ್ಕೂ ಕಾಳುಗಳಿಗೂ ಬಿಟ್ಟುಕೊಡಿ ಎಂಬುದು ನನ್ನ ಸಲಹೆ. ಮೀನು, ಸೀಗಡಿಗಳನ್ನು ಕೊನೆಯ ಅರ್ಧ ಗಂಟೆಯಲ್ಲಿ ಹಾಕಬೇಕು, ಅಂದರೆ ನೀವು ಮನೆಯಲ್ಲಿರಬೇಕು. ಹಾಗಿದ್ದ ಮೇಲೆ ಒಲೆಯ ಮೇಲೆಯೇ ಮಾಡಬಹುದಲ್ಲ!

ತಿಳಿನೀರಿನ ವಿಷಯ ಸರಳ. ಮುಚ್ಚಳಕ್ಕೆ ತಾಗಿದ ಆವಿ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ, ತರಕಾರಿ ಮತ್ತು ಮಾಂಸಗಳೂ ನೀರು ಬಿಡುತ್ತವೆ. ಒಲೆಯ ಅಡುಗೆಗೆ ಹಾಕುವ ನೀರಿನಲ್ಲಿ ಮೂರನೆಯ ಒಂದು ಭಾಗವನ್ನಾದರೂ ಕಡಿಮೆ ಮಾಡಿ. ಕಾಳು, ಧಾನ್ಯಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅವು ಕುಡಿಯುತ್ತವೆ.

ಈಗ ಕಾಳಿನ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ‘ರಾಜ್ಮಾವನ್ನು ನೆನೆಸಿ ನೇರವಾಗಿ ಕುಕ್ಕರ್‌ಗೆ ಹಾಕಿ ಲೋನಲ್ಲಿ ಬಿಟ್ಟುಬಿಡಿ’ ಎಂದು ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಸಿ ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷಕಾರಿ ಲೆಕ್ಟಿನ್ (ಒಂದು ಬಗೆಯ ಪ್ರೋಟೀನ್) ಇರುತ್ತದೆ. ನಾಲ್ಕೈದು ಅರೆಬೆಂದ ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕುದಿಯುವ ನೀರಿನಲ್ಲಿ ಅದು ನಾಶವಾಗುತ್ತದೆ, ಆದರೆ ಸುಮಾರು 80 ಡಿಗ್ರಿಯಲ್ಲಿ ಬೆಂದರೆ ವಿಷ ಕಡಿಮೆಯಾಗುವ ಬದಲು ಹೆಚ್ಚಬಹುದು. ಸ್ಲೋ ಕುಕ್ಕರ್ ಗಂಟೆಗಟ್ಟಲೆ ಆ ಬಿಸಿಯಲ್ಲೇ ಉಳಿಯಬಹುದು. ಕಾಳು ಮೆತ್ತಗಾಗಿದೆ ಎಂಬುದು ಸುರಕ್ಷಿತ ಎಂಬುದಕ್ಕೆ ಸಾಕ್ಷಿಯಲ್ಲ. ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಕನಿಷ್ಠ ಹತ್ತು ನಿಮಿಷ ಗಳಗಳನೆ ಕುದಿಸಿ, ಆಮೇಲೆ ಕುಕ್ಕರ್‌ಗೆ ಹಾಕಿ. ಅರ್ಧ ಗಂಟೆ ಕುದಿಸಬೇಕು ಎನ್ನುವವರೂ ಇದ್ದಾರೆ, ಮಕ್ಕಳಿರುವ ಮನೆಯಲ್ಲಿ ನಾನು ಅವರ ಮಾತನ್ನೇ ಕೇಳುತ್ತೇನೆ. ಬೆಳಿಗ್ಗೆ ಅಷ್ಟು ಹೊತ್ತಿಲ್ಲದಿದ್ದರೆ ಡಬ್ಬಿಯಲ್ಲಿ ಬರುವ ಬೆಂದ ರಾಜ್ಮಾ ಬಳಸಿ. ಮಸೂರ ಬೇಳೆಗೆ ಈ ಗೊಡವೆ ಇಲ್ಲ.

ತಮಾಷೆಯೆಂದರೆ ಈ ಪಾತ್ರೆ ಹುಟ್ಟಿದ್ದೇ ಕಾಳಿಗಾಗಿ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಇದಕ್ಕೆ ಪೇಟೆಂಟ್ ಪಡೆದದ್ದು 1940ರಲ್ಲಿ. ಲಿಥುವೇನಿಯಾದ ಊರಿನಲ್ಲಿ ಕಾಳು, ಮಾಂಸ ತುಂಬಿದ ಮಡಕೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿ ರಾತ್ರಿಯಿಡೀ ಇಟ್ಟು ಬೇಯಿಸುತ್ತಿದ್ದ ಕಥೆಯನ್ನು ಅವರ ತಾಯಿ ಹೇಳಿದ್ದರಂತೆ. ಅವರು ಮಾರಿದ ಪಾತ್ರೆಯ ಹೆಸರು ನ್ಯಾಕ್ಸನ್ ಬೀನರಿ. 1970ರಲ್ಲಿ ರೈವಲ್ ಕಂಪನಿ ಅದನ್ನು ಕೊಂಡು, ಮರುವರ್ಷ ಕ್ರಾಕ್ ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಇನ್ನು ನಮ್ಮ ಮನೆಯಲ್ಲಿ ವಾರ ವಾರ ಆಗುವ ಒಂದೆರಡನ್ನು ಹೇಳುತ್ತೇನೆ. ನಾಲ್ಕೈದು ಜನರಿಗೆ ಬಾರ್ಲಿ ಹಾಕಿದ ಮಾಂಸದ ಸ್ಟ್ಯೂ: ಒಂದು ಕಿಲೋ ಭುಜದ ಮಾಂಸ, ಮೂರು ಈರುಳ್ಳಿ, ಮೂರು ಕ್ಯಾರೆಟ್, ಮೂರು ಆಲೂಗಡ್ಡೆ, ಅರ್ಧ ಲೋಟ ಬಾರ್ಲಿ, ಮೂರು ಲೋಟ ನೀರು, ಉಪ್ಪು, ಕಾಳುಮೆಣಸು, ಒಂದು ಪಲಾವ್ ಎಲೆ. ರಾತ್ರಿ ತರಕಾರಿ ಹೆಚ್ಚಿಡಿ, ಆಲೂಗಡ್ಡೆ ನೀರಿನಲ್ಲಿರಲಿ. ಬೆಳಿಗ್ಗೆ ಮಾಂಸವನ್ನು ಕಾದ ಬಾಣಲೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು ಹಾಕಿ. ಹುರಿದ ಪರಿಮಳಕ್ಕೆ 140 ಡಿಗ್ರಿಯ ಆಸುಪಾಸಿನ ಒಣ ಶಾಖ ಬೇಕು, ಕುಕ್ಕರ್‌ನೊಳಗೆ ಅದು ಎಂದಿಗೂ ಬರುವುದಿಲ್ಲ. ಹುರಿಯಲು ಹೊತ್ತಿಲ್ಲವೇ, ಈರುಳ್ಳಿಯನ್ನಾದರೂ ರಾತ್ರಿಯೇ ಚೆನ್ನಾಗಿ ಹುರಿದಿಡಿ. ಎರಡರಲ್ಲಿ ಒಂದನ್ನು ಮಾತ್ರ ಮಾಡಲು ಸಾಧ್ಯ ಎಂದರೆ ನಾನು ಆರಿಸುವುದು ಈರುಳ್ಳಿಯನ್ನೇ. ಮಾಂಸವನ್ನು ರಾತ್ರಿ ಅರ್ಧ ಹುರಿದಿಡುವುದು ಮಾತ್ರ ಬೇಡ, ಅರೆಬೆಂದ ಮಾಂಸದಲ್ಲಿ ಬ್ಯಾಕ್ಟೀರಿಯಾ ಬೆಳೆಯಬಹುದು. ಲೋನಲ್ಲಿ ಎಂಟು ಗಂಟೆ. ಒಂಬತ್ತಾದರೂ ಕೆಡುವುದಿಲ್ಲ.

ಎರಡನೆಯದು ಕಡಲೆ. ಎರಡು ಲೋಟ ಕಾಬೂಲಿ ಕಡಲೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಹತ್ತು ನಿಮಿಷ ಕುದಿಸಿ, ಎರಡು ಬೆರಳು ಮೇಲೆ ನಿಲ್ಲುವಷ್ಟು ನೀರಿನಲ್ಲಿ ಲೋನಲ್ಲಿ ಎಂಟು ಗಂಟೆ ಬಿಡಿ. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊಗಳನ್ನು ರಾತ್ರಿಯೇ ಬಾಣಲೆಯಲ್ಲಿ ಗಟ್ಟಿಯಾಗಿ ಬಾಡಿಸಿ ಫ್ರಿಜ್‌ನಲ್ಲಿಟ್ಟಿರಿ. ಸಂಜೆ ಬಂದವರೇ ಅದನ್ನು ಬಿಸಿ ಮಾಡಿ ಕುಕ್ಕರ್‌ಗೆ ಸುರಿದು ಹೈ ಮಾಡಿ. ಮುಖ ತೊಳೆದು, ಮಕ್ಕಳ ಚೀಲ ಬಿಚ್ಚಿ, ಬಟ್ಟೆ ಬದಲಿಸುವಷ್ಟರಲ್ಲಿ ಆಗಿರುತ್ತದೆ.

ಅನ್ನ, ಪಾಸ್ತಾಗಳನ್ನು ಬೆಳಿಗ್ಗೆ ಹಾಕಿದರೆ ಅಂಟಾಗುತ್ತವೆ. ಇಡೀ ಗೋಧಿ, ಬಾರ್ಲಿ ತಡೆಯುತ್ತವೆ.

ಈಗ ಆ ಹತ್ತು ನಿಮಿಷ. ಎಂಟು ಗಂಟೆ ಬೆಂದ ಯಾವ ಅಡುಗೆಯೂ ಸ್ವಲ್ಪ ಮಂಕಾಗಿರುತ್ತದೆ: ಹುಳಿ ಮಾಗಿರುತ್ತದೆ, ಪುಡಿ ಮಸಾಲೆಯ ಪರಿಮಳ ಹಾರಿಹೋಗಿರುತ್ತದೆ, ಚಕ್ಕೆ ಲವಂಗಗಳಂಥ ಇಡೀ ಮಸಾಲೆ ಮಾತ್ರ ಬೇಕಾದ್ದಕ್ಕಿಂತ ಜೋರಾಗಿರುತ್ತದೆ (ಅವನ್ನು ಒಲೆಯ ಅಳತೆಯ ಅರ್ಧಕ್ಕೆ ಇಳಿಸಿ). ಮೊದಲು ಮೇಲಿನ ಕೊಬ್ಬನ್ನು ಸೌಟಿನಲ್ಲಿ ತೆಗೆಯಿರಿ. ತೆಳ್ಳಗಿದ್ದರೆ ಒಂದು ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಹಾಕಿ, ಇಲ್ಲವೇ ಎರಡು ಆಲೂಗಡ್ಡೆಯನ್ನು ಅಲ್ಲೇ ಹಿಸುಕಿಬಿಡಿ. ಹಾಲು, ಕೆನೆ, ಮೊಸರು ಹಾಕುವುದಿದ್ದರೆ ಈಗಲೇ, ಬೆಳಿಗ್ಗೆ ಹಾಕಿದರೆ ಒಡೆಯುತ್ತವೆ. ಸೊಪ್ಪು, ಬಟಾಣಿ ಈಗ. ಉಪ್ಪು ನೋಡಿ. ಕೊನೆಯಲ್ಲಿ ಅರ್ಧ ನಿಂಬೆಹಣ್ಣು ಹಿಂಡಿ, ಬಿಸಿ ಎಣ್ಣೆಯಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿಯ ಒಗ್ಗರಣೆ ಕೊಡಿ. ಮೊದಲ ಬಾರಿ ಹೀಗೆ ಮಾಡಿದಾಗ ನನ್ನ ಮಗಳು ‘ಇದು ಅದೇ ಪಾತ್ರೆಯದೇ?’ ಎಂದು ಕೇಳಿದಳು.

ಕೆಲವು ಎಚ್ಚರಿಕೆಗಳು. ಫ್ರೀಜರ್‌ನಿಂದ ತೆಗೆದ ಗಟ್ಟಿ ಮಾಂಸವನ್ನು ನೇರವಾಗಿ ಹಾಕಬೇಡಿ, 5ರಿಂದ 60 ಡಿಗ್ರಿಯ ನಡುವೆ ಆಹಾರ ಗಂಟೆಗಟ್ಟಲೆ ಇರುವುದೇ ಅಪಾಯ. ಹಿಂದಿನ ದಿನವೇ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿ. ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲವಾದ ಡಬ್ಬಿಗಳಿಗೆ ತುಂಬಿ ಫ್ರಿಜ್‌ಗೆ ಹಾಕಿ, ಮರುದಿನ ಒಲೆಯ ಮೇಲೆ ಕುದಿಸಿ, ಸ್ಲೋ ಕುಕ್ಕರ್‌ನಲ್ಲಿ ಮತ್ತೆ ಬಿಸಿ ಮಾಡಬೇಡಿ. ನೀವಿಲ್ಲದಾಗ ಕರೆಂಟು ಎಷ್ಟು ಹೊತ್ತು ಹೋಗಿತ್ತು ಎಂದು ಗೊತ್ತಾಗದಿದ್ದರೆ, ನೋಡಲು ಬೆಂದಂತಿದ್ದರೂ ಚೆಲ್ಲಿಬಿಡಿ. ಹೊಟ್ಟೆ ಉರಿಯುತ್ತದೆ, ನಿಜ. ಬಿಸಿ ಪಾತ್ರೆಗೆ ತಣ್ಣೀರು ಸುರಿಯಬಾರದು ಎಂಬುದನ್ನು ನಾನು ಕಲಿತದ್ದು ‘ಟಣ್’ ಎಂಬ ಒಂದು ಶಬ್ದದಿಂದ, ಅಂದಿನ ಪಿಂಗಾಣಿಯಲ್ಲಿ ಈಗ ಪುದೀನ ಬೆಳೆದಿದೆ.

ಕರೆಂಟು ಬಿಲ್ಲಿನ ಬಗ್ಗೆಯೂ ಕೇಳಿದ್ದೀರಿ. 200 ವಾಟ್‌ನ ಕುಕ್ಕರ್ ಎಂಟು ಗಂಟೆ ಎಡೆಬಿಡದೆ ಎಳೆದರೂ 1.6 ಯೂನಿಟ್. ನಿಮ್ಮದರ ವಾಟ್ ತಳದ ಚೀಟಿಯಲ್ಲಿರುತ್ತದೆ, ಗುಣಿಸಿಕೊಳ್ಳಿ.

ಮುಂದಿನ ರಜಾದಿನ ಒಂದು ಪರೀಕ್ಷೆ ಮಾಡಿ. ಪಾತ್ರೆಗೆ ಅರ್ಧ ನೀರು ತುಂಬಿ, ಮುಚ್ಚಿ, ಲೋನಲ್ಲಿ ಎಂಟು ಗಂಟೆ ಬಿಡಿ. ಮುಚ್ಚಳ ತೆಗೆದ ತಕ್ಷಣ ಅಡುಗೆಯ ಥರ್ಮಾಮೀಟರ್‌ನಿಂದ ಅಳೆಯಿರಿ. 85 ಡಿಗ್ರಿಗಿಂತ ಕಡಿಮೆ ಬಂದರೆ ಕ್ಯಾರೆಟ್ ಬೇಯದಿರುವುದಕ್ಕೆ ಕುಕ್ಕರ್ ಕೂಡ ಪಾಲುದಾರ, ಅದನ್ನು ಬದಲಿಸಿಕೊಳ್ಳುವುದೇ ಸರಿ. ಎಷ್ಟು ಬಂತು, ಪಾತ್ರೆ ಎಷ್ಟು ಲೀಟರಿನದು ಎರಡನ್ನೂ ಇಲ್ಲಿ ಬರೆಯಿರಿ. ಆಮೇಲೆ ನೀರಿನ ಅಳತೆಯನ್ನು ನಿಮ್ಮ ಪಾತ್ರೆಗೆ ಸರಿಯಾಗಿ ಹೇಳುತ್ತೇನೆ.